ಒಂದು ಭೂಮಿಗೆ 44 ಕೋಟಿ ಡಾಲರ್

ವಾಸಯೋಗ್ಯ ಗ್ರಹಗಳನ್ನು ಹುಡುಕಲಿರುವ ಬಾಹ್ಯಾಕಾಶ ದೂರದರ್ಶಕದ ಲೆಕ್ಕಪತ್ರ: ಕನ್ನಡಿ ಎಷ್ಟು ದೊಡ್ಡದು, ಸಿಗುವ ಬೆಳಕು ಎಷ್ಟು ಸಣ್ಣದು, ಹಣ ಹೋಗುವುದೆಲ್ಲಿಗೆ

ಅಮೆರಿಕದ ಖಗೋಳ ವಿಜ್ಞಾನಿಗಳು ಹತ್ತು ವರ್ಷಕ್ಕೊಮ್ಮೆ ಒಟ್ಟಾಗಿ ಕೂತು, ಮುಂದೆ ಯಾವ ಉಪಕರಣಗಳು ಬೇಕೆಂದು ಪಟ್ಟಿ ಮಾಡುತ್ತಾರೆ. 2021ರ ನವೆಂಬರ್‌ನಲ್ಲಿ ಹೊರಬಂದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಸುಮಾರು 6 ಮೀಟರ್ ಕನ್ನಡಿಯ ಬಾಹ್ಯಾಕಾಶ ದೂರದರ್ಶಕ. ಅಂದಾಜು ವೆಚ್ಚ 1,100 ಕೋಟಿ ಡಾಲರ್. ಉಡಾವಣೆ 2040ರ ದಶಕದ ಮೊದಲರ್ಧದಲ್ಲಿ. ಸೂರ್ಯನಂಥ ನಕ್ಷತ್ರಗಳ ಸುತ್ತ, ನೀರು ದ್ರವವಾಗಿಯೇ ಉಳಿಯಬಹುದಾದ ದೂರದಲ್ಲಿರುವ ಸುಮಾರು 25 ಗ್ರಹಗಳ ಬೆಳಕನ್ನು ಹಿಡಿದು ಅವುಗಳ ಗಾಳಿಯಲ್ಲಿ ಏನಿದೆಯೆಂದು ಓದುವುದು ಅದರ ಮುಖ್ಯ ಕೆಲಸ. ನಾಸಾ ಈ ಯೋಜನೆಯನ್ನು ಈಗ ಹ್ಯಾಬಿಟಬಲ್ ವರ್ಲ್ಡ್ಸ್ ಅಬ್ಸರ್ವೇಟರಿ ಎಂದು ಕರೆಯುತ್ತಿದೆ.

1,100 ಕೋಟಿಯನ್ನು 25ರಿಂದ ಭಾಗಿಸಿದರೆ ಗ್ರಹವೊಂದಕ್ಕೆ 44 ಕೋಟಿ ಡಾಲರ್. ಡಾಲರಿಗೆ ₹85 ಎಂದು ಹಿಡಿದರೆ ಸುಮಾರು ₹3,740 ಕೋಟಿ. ಇದೇ ದೂರದರ್ಶಕ ಗ್ಯಾಲಕ್ಸಿಗಳನ್ನೂ ನಕ್ಷತ್ರಗಳನ್ನೂ ನೋಡಲಿರುವುದರಿಂದ ಎಲ್ಲ ಖರ್ಚನ್ನೂ ಗ್ರಹಗಳ ಖಾತೆಗೆ ಹಾಕುವುದು ಒರಟು ಲೆಕ್ಕವೇ. ಆದರೂ ಈ ಭಾಗಾಕಾರ ಒಂದು ಪ್ರಶ್ನೆ ಎತ್ತುತ್ತದೆ. ಇಷ್ಟು ಹಣ ಕೊಟ್ಟು ಕೊಳ್ಳುತ್ತಿರುವುದು ಏನನ್ನು? ದೊಡ್ಡ ಕನ್ನಡಿಯನ್ನು ಎಂಬುದು ಮೊದಲು ಹೊಳೆಯುವ ಉತ್ತರ. ಅಂಕಿಗಳನ್ನು ಒಂದೊಂದಾಗಿ ಜೋಡಿಸುತ್ತ ಹೋದರೆ ಬೇರೆ ಉತ್ತರ ಸಿಗುತ್ತದೆ: ಇಲ್ಲಿ ದುಬಾರಿಯಾದ ಸರಕು ಗಾತ್ರವಲ್ಲ, ಅಲುಗದಿರುವುದು.

ಸಾವಿರ ಕೋಟಿಯಲ್ಲಿ ಒಂದು

ನಮ್ಮ ಸೂರ್ಯ ಮತ್ತು ಭೂಮಿಯನ್ನೇ ದೂರದಿಂದ ಯಾರೋ ನೋಡುತ್ತಿದ್ದಾರೆ ಎಂದುಕೊಳ್ಳೋಣ. ಭೂಮಿಯ ತ್ರಿಜ್ಯ 6,371 ಕಿ.ಮೀ. ಸೂರ್ಯನಿಂದ ದೂರ ಸುಮಾರು 14.96 ಕೋಟಿ ಕಿ.ಮೀ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 55 ಕೋಟಿಗೆ ಒಂದು ಪಾಲು ಬರುತ್ತದೆ. ಭೂಮಿ ತನ್ನ ಮೇಲೆ ಬಿದ್ದದ್ದನ್ನೆಲ್ಲ ವಾಪಸ್ ಕಳಿಸುವುದಿಲ್ಲ; ನೋಡುವವನ ಕಡೆಗೆ ತಿರುಗುವುದು ಐದರಲ್ಲಿ ಒಂದು ಪಾಲು ಎಂದು ಹಿಡಿಯುವುದು ವಾಡಿಕೆ. ಜೊತೆಗೆ, ಗ್ರಹ ನಕ್ಷತ್ರದಿಂದ ಅತಿ ದೂರಕ್ಕೆ ಸರಿದಂತೆ ಕಾಣುವ ಹೊತ್ತಿನಲ್ಲಿ ನಮಗೆ ಕಾಣುವುದು ಅದರ ಅರ್ಧ ಬೆಳಗಿದ ಮುಖ. ಅದರಿಂದ ಹೊಳಪು ಇನ್ನೂ ಮೂರನೇ ಒಂದಕ್ಕೆ ಇಳಿಯುತ್ತದೆ. ಎಲ್ಲ ಗುಣಿಸಿದರೆ ಸುಮಾರು 870 ಕೋಟಿಗೆ ಒಂದು. ಈ ಕ್ಷೇತ್ರದವರು ಇದನ್ನು ದುಂಡಾಗಿಸಿ ಸಾವಿರ ಕೋಟಿಗೆ ಒಂದು ಎನ್ನುತ್ತಾರೆ. ಬ್ಯಾಂಕಿನಲ್ಲಿ ಸಾವಿರ ಕೋಟಿ ರೂಪಾಯಿ ಎಣಿಸುವಾಗ ಒಂದೇ ಒಂದು ರೂಪಾಯಿಯ ವ್ಯತ್ಯಾಸವನ್ನೂ ತಪ್ಪದೆ ಹಿಡಿಯಬೇಕಾದಂಥ ಕೆಲಸ ಇದು.

ಗುರುಗ್ರಹಕ್ಕಾದರೆ ಈ ಅನುಪಾತ ಸುಮಾರು ನೂರು ಕೋಟಿಗೆ ಒಂದು, ಅಂದರೆ ಹತ್ತು ಪಟ್ಟು ಸಲೀಸು. ಇಲ್ಲಿಯವರೆಗೆ ನೇರವಾಗಿ ಚಿತ್ರ ತೆಗೆಯಲಾದ ಬಾಹ್ಯಗ್ರಹಗಳು ಇದಕ್ಕಿಂತಲೂ ಸುಲಭದವು. 2008ರಲ್ಲಿ ಸುದ್ದಿಯಾದ ಎಚ್‌ಆರ್ 8799ರ ಗ್ರಹಗಳು ಗುರುವಿಗಿಂತ ಎಷ್ಟೋ ಭಾರವಾದವು, ಎಳೆಯವು, ಸ್ವಂತ ಬಿಸಿಯಿಂದಲೇ ಹೊಳೆಯುವಂಥವು. ದೃಢಪಟ್ಟ ಬಾಹ್ಯಗ್ರಹಗಳ ಸಂಖ್ಯೆ 2025ರಲ್ಲಿ 6,000 ದಾಟಿತು. ಆದರೆ ಅವುಗಳಲ್ಲಿ ಬಹುಪಾಲು ಪತ್ತೆಯಾದದ್ದು ಪರೋಕ್ಷವಾಗಿ: ನಕ್ಷತ್ರದ ಬೆಳಕು ಕುಂದಿದ್ದರಿಂದ, ಇಲ್ಲವೇ ನಕ್ಷತ್ರ ತೊನೆದದ್ದರಿಂದ. ಸೂರ್ಯನಂಥ ನಕ್ಷತ್ರದ ಪಕ್ಕದಲ್ಲಿ ಭೂಮಿಯಂಥ ಗ್ರಹವೊಂದು ಪ್ರತಿಫಲಿಸಿದ ಬೆಳಕನ್ನು ಯಾರೂ ಇದುವರೆಗೆ ಬೇರ್ಪಡಿಸಿ ನೋಡಿಲ್ಲ.

ಶಾಖದ ಬೆಳಕಿನಲ್ಲಿ, ಅಂದರೆ 10 ಮೈಕ್ರೋಮೀಟರ್ ಆಸುಪಾಸಿನ ಅವಕೆಂಪಿನಲ್ಲಿ ನೋಡಿದರೆ ಅನುಪಾತ ಸುಮಾರು ಒಂದು ಕೋಟಿಗೆ ಒಂದು. ಸಾವಿರ ಪಟ್ಟು ಅನುಕೂಲ. ಹಾಗಿದ್ದರೆ ಅಲ್ಲೇ ಯಾಕೆ ನೋಡಬಾರದು? ತರಂಗಾಂತರ 20 ಪಟ್ಟು ಹೆಚ್ಚಿದರೆ, ಅಷ್ಟೇ ಸೂಕ್ಷ್ಮ ವಿವರ ಕಾಣಲು ಕನ್ನಡಿಯೂ 20 ಪಟ್ಟು ಅಗಲವಾಗಬೇಕು. 6 ಮೀಟರ್ ಮಾಡುವ ಕೆಲಸಕ್ಕೆ 120 ಮೀಟರ್ ಬೇಕಾಗುತ್ತದೆ. ಅಷ್ಟು ಅಗಲದ ಒಂದೇ ಕನ್ನಡಿ ಯಾರ ಯೋಜನೆಯಲ್ಲೂ ಇಲ್ಲ. ದೂರ ದೂರ ಹಾರುವ ಹಲವು ನೌಕೆಗಳ ಬೆಳಕನ್ನು ಕೂಡಿಸುವ ಪ್ರಸ್ತಾವಗಳಿವೆ, ಅದು ಬೇರೆಯೇ ಲೆಕ್ಕ. ಹಾಗಾಗಿ ಕಣ್ಣಿಗೆ ಕಾಣುವ ಬೆಳಕಿನ ದಾರಿ ಹಿಡಿದು, ಸಾವಿರ ಕೋಟಿಯ ಕಷ್ಟವನ್ನು ಒಪ್ಪಿಕೊಂಡಿದ್ದಾರೆ.

ಎಷ್ಟು ಅಗಲಕ್ಕೆ ಎಷ್ಟು ದೂರ

ಹೊಳಪಿನ ಅಂತರ ಒಂದು ಕಷ್ಟ, ಅಂಟಿಕೊಂಡಿರುವುದು ಇನ್ನೊಂದು. 32.6 ಜ್ಯೋತಿರ್ವರ್ಷ ದೂರದಿಂದ ನೋಡಿದರೆ ಸೂರ್ಯ-ಭೂಮಿಯ ನಡುವಿನ ಅಂತರ ಆಕಾಶದಲ್ಲಿ 0.1 ಆರ್ಕ್ ಸೆಕೆಂಡ್, ಅಂದರೆ ಒಂದು ಡಿಗ್ರಿಯನ್ನು 36,000 ಪಾಲು ಮಾಡಿದಾಗ ಒಂದು ಪಾಲು.

ನಕ್ಷತ್ರವನ್ನು ಮರೆಮಾಡುವ ಸಾಧನಕ್ಕೆ ಕೊರೊನಾಗ್ರಾಫ್ ಎಂದು ಹೆಸರು. ಫ್ರಾನ್ಸಿನ ಬರ್ನಾರ್ ಲಿಯೊ 1930ರ ಸುಮಾರಿಗೆ ಸೂರ್ಯನ ಪ್ರಭಾವಲಯವನ್ನು ಗ್ರಹಣವಿಲ್ಲದೆಯೇ ನೋಡಲು ಇದನ್ನು ರೂಪಿಸಿದರು. ನಕ್ಷತ್ರದ ಬಿಂಬ ಬೀಳುವ ಕಡೆ ಒಂದು ಮರೆ ಇಡುತ್ತಾರೆ. ಅದರ ಅಂಚಿನಿಂದ ಬಾಗಿ ಹರಡುವ ಬೆಳಕನ್ನು ಮುಂದೆ ಇನ್ನೊಂದು ತಡೆಯಿಂದ ಹಿಡಿಯುತ್ತಾರೆ. ಮರೆಯ ಹತ್ತಿರದಲ್ಲೇ ಗ್ರಹವಿದ್ದರೆ ಅದೂ ಮರೆಯಾಗುತ್ತದೆ. ತರಂಗಾಂತರವನ್ನು ಕನ್ನಡಿಯ ವ್ಯಾಸದಿಂದ ಭಾಗಿಸಿ ಬಂದ ಕೋನದ ಮೂರು ಪಟ್ಟಿನಷ್ಟು ಒಳಗಿರುವುದು ಕಾಣುವುದಿಲ್ಲ ಎಂದು ಇಟ್ಟುಕೊಂಡು ಲೆಕ್ಕ ಹಾಕೋಣ.

ನೀರಾವಿಯ ಗುರುತು ಢಾಳಾಗಿ ಕಾಣುವುದು 0.94 ಮೈಕ್ರೋಮೀಟರ್ ತರಂಗಾಂತರದಲ್ಲಿ. ಆ ಬೆಳಕಿನಲ್ಲಿ, ಸೂರ್ಯನಂಥ ನಕ್ಷತ್ರದಿಂದ ಭೂಮಿಯಷ್ಟೇ ದೂರದಲ್ಲಿರುವ ಗ್ರಹವನ್ನು ಯಾವ ಕನ್ನಡಿ ಎಲ್ಲಿಯವರೆಗೆ ನೋಡಬಲ್ಲದು?

- 2.4 ಮೀಟರ್ (ಹಬಲ್ ಬಾಹ್ಯಾಕಾಶ ದೂರದರ್ಶಕದಷ್ಟು): ಸುಮಾರು 13 ಜ್ಯೋತಿರ್ವರ್ಷ
- 4 ಮೀಟರ್: 22 ಜ್ಯೋತಿರ್ವರ್ಷ
- 6 ಮೀಟರ್: 34 ಜ್ಯೋತಿರ್ವರ್ಷ
- 8 ಮೀಟರ್: 45 ಜ್ಯೋತಿರ್ವರ್ಷ
- 15 ಮೀಟರ್: 84 ಜ್ಯೋತಿರ್ವರ್ಷ

ಹದಿಮೂರು ಜ್ಯೋತಿರ್ವರ್ಷದೊಳಗೆ ಸೂರ್ಯನನ್ನು ಹೋಲುವ ನಕ್ಷತ್ರಗಳನ್ನು ಕೈಬೆರಳಲ್ಲಿ ಎಣಿಸಬಹುದು. ಆಲ್ಫಾ ಸೆಂಟಾರಿಯ ಜೋಡಿ ಮತ್ತು ಟೌ ಸೆಟಿ ಅವುಗಳಲ್ಲಿ ಸೇರಿವೆ. ದೂರ ಎರಡು ಪಟ್ಟಾದರೆ ಒಳಗೆ ಬರುವ ಆಕಾಶದ ಗಾತ್ರ ಎಂಟು ಪಟ್ಟು. ವ್ಯಾಸದ ಮೇಲೆ ಹಣ ಹಾಕುವುದಕ್ಕೆ ಇದೇ ಕಾರಣ. ಇದೇ 6 ಮೀಟರ್ ಕನ್ನಡಿ 0.5 ಮೈಕ್ರೋಮೀಟರ್‌ನ ಹಸಿರು ಬೆಳಕಿನಲ್ಲಿ 63 ಜ್ಯೋತಿರ್ವರ್ಷದವರೆಗೆ ಗ್ರಹವನ್ನು ಕಾಣಬಲ್ಲದು. ಅಂದರೆ ದೂರದ ಕೆಲವು ಗ್ರಹಗಳು ಚುಕ್ಕಿಯಾಗಿ ಕಾಣುತ್ತವೆ, ಆದರೆ ಅವುಗಳಲ್ಲಿ ನೀರಿದೆಯೇ ಎಂದು ಕೇಳಿದರೆ ಮರೆಯ ಹಿಂದೆ ಸರಿದುಬಿಡುತ್ತವೆ.

ನಾಸಾದ ಬಾಹ್ಯಗ್ರಹ ವಿಭಾಗ ಇಂಥ ಹುಡುಕಾಟಕ್ಕೆ ತಕ್ಕವೆಂದು ಗುರುತಿಸಿ ಪ್ರಕಟಿಸಿದ ಪಟ್ಟಿಯಲ್ಲಿ 164 ನಕ್ಷತ್ರಗಳಿವೆ.

ಇಪ್ಪತ್ತೈದೇ ಏಕೆ?

ಸೂರ್ಯನಂಥ ನಕ್ಷತ್ರಗಳಲ್ಲಿ ನೂರಕ್ಕೆ 24ರ ಸುತ್ತ ವಾಸಯೋಗ್ಯ ವಲಯದಲ್ಲಿ ಭೂಮಿಯ ಗಾತ್ರದ ಗ್ರಹ ಇರಬಹುದು ಎಂಬ ಅಂದಾಜನ್ನು ಹಿಂದಿನ ವಿನ್ಯಾಸಗಳು ಬಳಸಿಕೊಂಡಿದ್ದವು. ಇದರ ಅನಿಶ್ಚಿತತೆ ದೊಡ್ಡದು. ನಿಜವಾದ ಸಂಖ್ಯೆ 8 ಕೂಡ ಆಗಬಹುದು, 70 ಕೂಡ ಆಗಬಹುದು. 24 ಎಂದೇ ಹಿಡಿದರೆ, 25 ಗ್ರಹ ಸಿಗಲು ನೂರಕ್ಕೂ ಹೆಚ್ಚು ನಕ್ಷತ್ರಗಳನ್ನು ಜಾಲಾಡಬೇಕು. ಪ್ರತಿ ನಕ್ಷತ್ರದ ಕಡೆಗೂ ಒಂದೇ ಸಲ ನೋಡಿದರೆ ಸಾಲದು, ಏಕೆಂದರೆ ಆ ಹೊತ್ತಿಗೆ ಗ್ರಹ ನಕ್ಷತ್ರದ ಮುಂದೆಯೋ ಹಿಂದೆಯೋ ಇರಬಹುದು.

ಇನ್ನು 25 ಎಂಬ ಗುರಿಯ ಹಿಂದೆ ಇರುವುದು ಸೋತರೂ ಏನಾದರೂ ಕಲಿಯಬೇಕೆಂಬ ಎಚ್ಚರ. 25 ಗ್ರಹಗಳ ಗಾಳಿಯನ್ನು ಓದಿದರೂ ಒಂದರಲ್ಲೂ ಜೀವದ ಸುಳಿವು ಸಿಗಲಿಲ್ಲ ಎನ್ನಿ. ಇಂಥ ಗ್ರಹಗಳಲ್ಲಿ ನೂರಕ್ಕೆ ಸುಮಾರು 11ಕ್ಕಿಂತ ಹೆಚ್ಚು ಜೀವದ ಗುರುತು ಹೊತ್ತಿದ್ದಿದ್ದರೆ, 25ರಲ್ಲಿ ಒಂದೂ ಸಿಗದಿರುವ ಸಂಭವ ನೂರಕ್ಕೆ 5ಕ್ಕಿಂತ ಕಡಿಮೆ. ಆದ್ದರಿಂದ ಬರಿಗೈಯಲ್ಲಿ ಬಂದರೂ "ಜೀವ ಅಪರೂಪ" ಎಂದು ಅಂಕಿ ಸಮೇತ ಹೇಳಬಹುದು. ಐದೇ ಗ್ರಹ ನೋಡಿ ಏನೂ ಸಿಗದಿದ್ದರೆ ಹೀಗೆ ಹೇಳಲು ಆಗುವುದಿಲ್ಲ: ಅರ್ಧಕ್ಕರ್ಧ ಗ್ರಹಗಳಲ್ಲಿ ಜೀವವಿದ್ದರೂ ಐದರಲ್ಲಿ ಒಂದೂ ಸಿಗದಿರುವ ಸಂಭವ ನೂರಕ್ಕೆ 3ರಷ್ಟು ಇದ್ದೇ ಇರುತ್ತದೆ.

ಗಂಟೆಗೆ ಆರು ಫೋಟಾನ್

ಈಗ ಬೆಳಕಿನ ಜಮೆ-ಖರ್ಚು. 32.6 ಜ್ಯೋತಿರ್ವರ್ಷ ದೂರದ ಸೂರ್ಯನಿಂದ 6 ಮೀಟರ್ ಕನ್ನಡಿಯ 28.3 ಚದರ ಮೀಟರ್ ಮೇಲೆ, 100 ನ್ಯಾನೋಮೀಟರ್ ಅಗಲದ ಬಣ್ಣದ ಪಟ್ಟಿಯಲ್ಲಿ, ಸೆಕೆಂಡಿಗೆ ಸುಮಾರು 330 ಕೋಟಿ ಫೋಟಾನ್ ಬೀಳುತ್ತವೆ. ಅದೇ ಪಟ್ಟಿಯಲ್ಲಿ ಗ್ರಹದಿಂದ ಬರುವುದು ಮೂರು ಸೆಕೆಂಡಿಗೆ ಒಂದು.

ಬಂದದ್ದೆಲ್ಲ ಪತ್ತೆಕಾರಕಕ್ಕೆ ಮುಟ್ಟುವುದೂ ಇಲ್ಲ. ದಾರಿಯಲ್ಲಿ ಕನ್ನಡಿಗಳು, ಮರೆಗಳು, ಸೋಸುಗಳು ಒಂದಿಷ್ಟು ತಿಂದುಹಾಕುತ್ತವೆ. ಕೊನೆಗೆ ಹತ್ತರಲ್ಲಿ ಒಂದು ಉಳಿಯಿತು ಎಂದುಕೊಳ್ಳೋಣ. ಆಮ್ಲಜನಕದ ಗುರುತು ಇರುವ 0.76 ಮೈಕ್ರೋಮೀಟರ್ ಬಳಿ ರೋಹಿತವನ್ನು 140ರ ಸೂಕ್ಷ್ಮತೆಯಲ್ಲಿ ಬಿಡಿಸಿದರೆ, ಪ್ರತಿ ಮನೆಗೆ ಸಿಗುವ ಬಣ್ಣದ ಅಗಲ 5.4 ನ್ಯಾನೋಮೀಟರ್. ಆ ಒಂದು ಮನೆಯಲ್ಲಿ ಗ್ರಹದ ಫೋಟಾನ್ ಗಂಟೆಗೆ ಸುಮಾರು ಆರು. ಸದ್ದಿಗಿಂತ ಹತ್ತು ಪಟ್ಟು ಸ್ಪಷ್ಟವಾದ ಅಳತೆಗೆ ಕನಿಷ್ಠ ನೂರು ಫೋಟಾನ್ ಬೇಕು, ಅಂದರೆ 16 ಗಂಟೆ. ಇದು ಹಿನ್ನೆಲೆ ಪೂರ್ತಿ ಕಪ್ಪಗಿದ್ದರೆ ಮಾತ್ರ. ನಮ್ಮ ಸೌರವ್ಯೂಹದ ಧೂಳು, ಆ ನಕ್ಷತ್ರದ ಸುತ್ತಲಿನ ಧೂಳು, ಮರೆ ದಾಟಿ ಸೋರಿದ ನಕ್ಷತ್ರದ ಬೆಳಕು ಎಲ್ಲ ಸೇರಿದರೆ ಈ ಸಮಯ ಹಲವು ಪಟ್ಟು ಬೆಳೆಯುತ್ತದೆ. ಅಮೆರಿಕದ ಅರಿಝೋನಾದ ದೊಡ್ಡ ಜೋಡಿ ದೂರದರ್ಶಕದಿಂದ ನಡೆದ ಸಮೀಕ್ಷೆಯಲ್ಲಿ, ಸೂರ್ಯನಂಥ ನಕ್ಷತ್ರಗಳ ಸುತ್ತಲಿನ ಧೂಳಿನ ಮಧ್ಯಮ ಮೌಲ್ಯ ನಮ್ಮಲ್ಲಿರುವುದರ ಸುಮಾರು ಮೂರು ಪಟ್ಟು ಎಂದು ಬಂದಿತ್ತು.

ಹಿನ್ನೆಲೆಯೇ ಮೇಲುಗೈ ಪಡೆದಾಗ ಬೇಕಾಗುವ ಸಮಯ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. 4 ಮೀಟರ್ ಬದಲು 6 ಮೀಟರ್ ಕಟ್ಟಿದರೆ ಐದು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ.

ದಾರಿಯಲ್ಲಿ ಬೆಳಕು ಕಳೆದುಹೋಗುವುದನ್ನು ತಡೆಯುವುದಕ್ಕೂ ಲೆಕ್ಕವಿದೆ. ಕನ್ನಡಿಯೊಂದು ಶೇ 90ರಷ್ಟು ಬೆಳಕನ್ನು ಮರಳಿಸುತ್ತದೆ ಎನ್ನಿ. ಕೊರೊನಾಗ್ರಾಫ್‌ನೊಳಗೆ ಬೆಳಕು 15 ಕನ್ನಡಿಗಳಿಗೆ ಬಡಿದು ಬಂದರೆ ಉಳಿಯುವುದು ಶೇ 21. ಶೇ 97 ಮರಳಿಸಿದರೆ ಉಳಿಯುವುದು ಶೇ 63. ನಾಸಾದ ವೆಬ್ ಬಾಹ್ಯಾಕಾಶ ದೂರದರ್ಶಕದ ಕನ್ನಡಿಗೆ ಬಳಿದ ಚಿನ್ನ ಇಲ್ಲಿ ಆಗಿಬರುವುದಿಲ್ಲ, ಏಕೆಂದರೆ ನೀಲಿ ಮತ್ತು ನೇರಳಾತೀತ ಬೆಳಕನ್ನು ಚಿನ್ನ ಹೀರುತ್ತದೆ. ಓಝೋನಿನ ಗಾಢ ಗುರುತು ಇರುವುದೇ 0.25 ಮೈಕ್ರೋಮೀಟರ್ ಸುತ್ತಿನ ನೇರಳಾತೀತದಲ್ಲಿ. ಅದಕ್ಕೆ ಅಲ್ಯೂಮಿನಿಯಂ ಲೇಪನವೇ ಬೇಕು, ಆದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಬೆಳ್ಳಿಯಷ್ಟು ಚೆನ್ನಾಗಿ ಮರಳಿಸುವುದಿಲ್ಲ. ಮೊದಲ ಎರಡು ಕನ್ನಡಿಗೆ ಅಲ್ಯೂಮಿನಿಯಂ, ಒಳಗಿನ 13ಕ್ಕೆ ಬೆಳ್ಳಿ ಎಂದು ಹಂಚಿದರೆ ಶೇ 55 ಉಳಿಯುತ್ತದೆ. ಇಂಥ ಹಂಚಿಕೆ ಕನ್ನಡಿಯನ್ನು ಒಂದು ಮಿಲಿಮೀಟರೂ ದೊಡ್ಡದು ಮಾಡದೆ ಬೆಳಕನ್ನು ಎರಡೂವರೆ ಪಟ್ಟು ಹೆಚ್ಚಿಸುತ್ತದೆ.

1.6 ಪಿಕೋಮೀಟರ್‌ನ ಸುಳ್ಳು ಭೂಮಿ

ಇಡೀ ಲೆಕ್ಕದಲ್ಲಿ ಅತಿ ಚಿಕ್ಕ ಅಂಕಿ, ಅತಿ ದೊಡ್ಡ ತಲೆನೋವು ಇಲ್ಲಿದೆ.

ಕನ್ನಡಿಯಿಂದ ಹೊರಟ ಬೆಳಕಿನ ಅಲೆ ಸಪಾಟಾಗಿರಬೇಕು. ಅದರಲ್ಲಿ ನವಿರಾದ ಏರಿಳಿತವಿದ್ದರೆ ನಕ್ಷತ್ರದ ಬೆಳಕಿನ ಒಂದು ಪಾಲು ಪಕ್ಕಕ್ಕೆ ಚಿಮ್ಮಿ, ಗ್ರಹ ಇರಬೇಕಾದ ಜಾಗದಲ್ಲೇ ಚುಕ್ಕಿಯಾಗಿ ಕೂರುತ್ತದೆ. ಆ ಚುಕ್ಕಿಯ ಹೊಳಪು ಎಷ್ಟು ಎಂಬುದಕ್ಕೆ ಸರಳ ಸೂತ್ರವಿದೆ: ಏರಿಳಿತದ ಎತ್ತರವನ್ನು 'ಪೈ'ನಿಂದ ಗುಣಿಸಿ, ತರಂಗಾಂತರದಿಂದ ಭಾಗಿಸಿ, ವರ್ಗ ಮಾಡಬೇಕು. ಉತ್ತರ ಸಾವಿರ ಕೋಟಿಗೆ ಒಂದು ಬರಬೇಕಾದರೆ, 500 ನ್ಯಾನೋಮೀಟರ್ ಬೆಳಕಿನಲ್ಲಿ ಏರಿಳಿತ ಕೇವಲ 1.6 ಪಿಕೋಮೀಟರ್. ಒಂದು ಪಿಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯ ಒಂದು ಪಾಲು. ಜಲಜನಕದ ಪರಮಾಣುವಿನ ವ್ಯಾಸವೇ ಸುಮಾರು 100 ಪಿಕೋಮೀಟರ್. ಪರಮಾಣುವಿನ ಅರುವತ್ತನೇ ಒಂದು ಪಾಲಿನಷ್ಟು ಅಲೆ ಏರಿಳಿದರೆ ಇಲ್ಲದ ಭೂಮಿಯೊಂದು ಹುಟ್ಟುತ್ತದೆ.

ಯಾವ ಕನ್ನಡಿಯನ್ನೂ ಇಷ್ಟು ನಯವಾಗಿ ಉಜ್ಜಲಾಗದು, ಉಜ್ಜಬೇಕಾಗಿಯೂ ಇಲ್ಲ. ಸ್ಥಿರವಾಗಿ ಉಳಿದ ದೋಷವನ್ನು ಸರಿಪಡಿಸಲು ಆಕಾರ ಬದಲಿಸುವ ಸಣ್ಣ ಕನ್ನಡಿಗಳಿವೆ. ಅವುಗಳ ಬೆನ್ನಿಗೆ ಸಾವಿರಾರು ಸೂಕ್ಷ್ಮ ತಳ್ಳುಗಳು ಅಂಟಿರುತ್ತವೆ. ನಾಸಾದ ರೋಮನ್ ದೂರದರ್ಶಕದ ಕೊರೊನಾಗ್ರಾಫ್‌ನಲ್ಲಿ ಇಂಥ ಕನ್ನಡಿ ಎರಡಿವೆ. ಒಂದೊಂದರಲ್ಲೂ 48 ಸಾಲು, 48 ಕಂಬ, ಒಟ್ಟು 2,304 ತಳ್ಳುಗಳು. ಸೋರಿದ ಬೆಳಕನ್ನು ಅಳೆದು, ಅದನ್ನು ಅಳಿಸುವಂತೆ ಕನ್ನಡಿಯನ್ನು ಬಾಗಿಸಿ, ಮತ್ತೆ ಅಳೆದು, ಮತ್ತೆ ಬಾಗಿಸಿ ನಕ್ಷತ್ರದ ಸುತ್ತ ಕತ್ತಲೆಯ ಒಂದು ವಲಯ ಕೊರೆಯುತ್ತಾರೆ.

ಹಾಗೆ ಕೊರೆದ ಕತ್ತಲೆ ಹಾಗೇ ಉಳಿಯಬೇಕು, ಅದೂ ಗಂಟೆಗಟ್ಟಲೆ. ಗಂಟೆಗೆ ಆರು ಫೋಟಾನ್ ಎಂಬ ಅಂಕಿ ಇಲ್ಲಿ ಬಂದು ಸೇರಿಕೊಳ್ಳುತ್ತದೆ: ಬೆಳಕು ಕಡಿಮೆಯಾದಷ್ಟೂ ಕಾಯುವುದು ಹೆಚ್ಚು, ಕಾಯುವುದು ಹೆಚ್ಚಿದಷ್ಟೂ ಅಲುಗದೆ ನಿಲ್ಲಬೇಕಾದ ಹೊತ್ತು ಹೆಚ್ಚು. ಇಡೀ ದೂರದರ್ಶಕದ ಎಲ್ಲ ಬಗೆಯ ಕದಲಿಕೆ ಸೇರಿ ಸುಮಾರು 10 ಪಿಕೋಮೀಟರ್ ಮೀರಬಾರದೆಂಬುದು ಈ ವಿನ್ಯಾಸದ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬರುವ ಗುರಿ.

ಅದನ್ನು ಉಷ್ಣತೆಯ ಭಾಷೆಗೆ ತರೋಣ. ಅತಿ ಕಡಿಮೆ ಹಿಗ್ಗುವ ಗಾಜುಗಳಿವೆ. ಕಾರ್ನಿಂಗ್ ಕಂಪನಿಯ ಯುಎಲ್‌ಇ, ಶಾಟ್ ಕಂಪನಿಯ ಝೆರೋಡರ್ ಪ್ರಸಿದ್ಧ. ಒಂದು ಮೀಟರ್ ಅಗಲದ ಅಂಥ ಗಾಜು ಒಂದು ಡಿಗ್ರಿಗೆ 10 ನ್ಯಾನೋಮೀಟರ್ ಹಿಗ್ಗುತ್ತದೆ ಎನ್ನಿ. 10 ಪಿಕೋಮೀಟರ್ ಮೀರಬಾರದೆಂದರೆ ಉಷ್ಣತೆ ಡಿಗ್ರಿಯ ಸಾವಿರದ ಒಂದು ಪಾಲಿಗಿಂತ ಹೆಚ್ಚು ಬದಲಾಗಬಾರದು. ವೆಬ್‌ನ ಕನ್ನಡಿ ಬೆರಿಲಿಯಂ ಲೋಹದ್ದು. ಅದು ಮೈನಸ್ 220 ಡಿಗ್ರಿಯ ಸುತ್ತಿನ ಚಳಿಯಲ್ಲಿ ಹೆಚ್ಚುಕಮ್ಮಿ ಹಿಗ್ಗುವುದೇ ಇಲ್ಲವಾದ್ದರಿಂದ ಅಲ್ಲಿಗೆ ಸರಿ. ಕೋಣೆಯ ಉಷ್ಣತೆಯಲ್ಲಿ ಅದೇ ಲೋಹ ಮೀಟರಿಗೆ ಡಿಗ್ರಿಯೊಂದಕ್ಕೆ 11 ಮೈಕ್ರೋಮೀಟರ್ ಹಿಗ್ಗುತ್ತದೆ. ಆಗ ತಾಳಿಕೆ ಡಿಗ್ರಿಯ ಹತ್ತು ಲಕ್ಷದ ಒಂದು ಪಾಲಿಗೆ ಇಳಿಯುತ್ತದೆ. ಹೊಸ ದೂರದರ್ಶಕದ ಕನ್ನಡಿ ಅಷ್ಟು ಚಳಿಯಲ್ಲಿ ಕೆಲಸ ಮಾಡುವಂಥದ್ದಲ್ಲ. ಹಾಗಾಗಿ ಗಾಜೇ ಗತಿ.

ಹಿಂದಿನ ದೂರದರ್ಶಕಗಳ ಅಂಕಿಗಳನ್ನು ಪಕ್ಕದಲ್ಲಿಟ್ಟರೆ ಜಿಗಿತದ ಅಳತೆ ಸಿಗುತ್ತದೆ. ವೆಬ್‌ನ ಬೆಳಕಿನ ಅಲೆಯಲ್ಲಿ ಒಟ್ಟು ದೋಷ ಸುಮಾರು 150 ನ್ಯಾನೋಮೀಟರ್ ಮೀರಬಾರದೆಂದು ನಿಗದಿಯಾಗಿತ್ತು; ಕನ್ನಡಿ ಅದಕ್ಕಿಂತ ಚೆನ್ನಾಗಿಯೇ ಕೂತಿತು. ಅದು ಆಕಾರದ ದೋಷ, ಇಲ್ಲಿ ಹೇಳುತ್ತಿರುವುದು ಕದಲಿಕೆ; ಎರಡೂ ಒಂದೇ ಅಲ್ಲ. ಆದರೂ 150 ನ್ಯಾನೋಮೀಟರ್ ಎಂದರೆ ಒಂದೂವರೆ ಲಕ್ಷ ಪಿಕೋಮೀಟರ್. ಎಂಜಿನಿಯರುಗಳು ಇಷ್ಟು ದಿನ ಯಾವ ಮಾನದಲ್ಲಿ ಯೋಚಿಸುತ್ತಿದ್ದರು, ಇನ್ನು ಯಾವ ಮಾನದಲ್ಲಿ ಯೋಚಿಸಬೇಕು ಎಂಬುದಕ್ಕೆ ಈ ಒಂದು ಸಂಖ್ಯೆ ಸಾಕು.

ಪ್ರಯೋಗಶಾಲೆ ಎಲ್ಲಿಗೆ ತಲುಪಿದೆ? 2019ರಲ್ಲಿ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯ ನಿರ್ವಾತ ಕೋಣೆಯಲ್ಲಿ ಸಾವಿರ ಕೋಟಿಗೆ ಸುಮಾರು 4ರಷ್ಟು ಸೋರಿಕೆಯ ಮಟ್ಟ ಮುಟ್ಟಿದರು. ಗುರಿಗೆ ಇನ್ನು ನಾಲ್ಕು ಪಟ್ಟು ಬಾಕಿ. ಆ ಪರೀಕ್ಷೆಯ ಬೆಳಕಿನ ದಾರಿಗೆ ಅಡ್ಡವಾಗಿ ಏನೂ ಇರಲಿಲ್ಲ, ಕನ್ನಡಿ ತುಂಡು ತುಂಡಾಗಿಯೂ ಇರಲಿಲ್ಲ. ನಿಜವಾದ ದೂರದರ್ಶಕಕ್ಕೆ ಆ ಸುಖ ಇಲ್ಲದಿರಬಹುದು.

ದೊಡ್ಡದಾದರೆ ಎರಡು ಪಟ್ಟು, ಮೂರೂವರೆ ಅಲ್ಲ

2021ರ ಪಟ್ಟಿ ಬರುವ ಮುನ್ನ ನಾಸಾ ಎರಡು ತಂಡಗಳಿಂದ ವಿವರವಾದ ವಿನ್ಯಾಸ ಮಾಡಿಸಿತ್ತು. ಲೂವಾರ್ ತಂಡ ಎರಡು ಗಾತ್ರ ಮುಂದಿಟ್ಟಿತು: 'ಎ' 15 ಮೀಟರ್, 120 ತುಂಡು, 155 ಚದರ ಮೀಟರ್, 'ಬಿ' 8 ಮೀಟರ್, 55 ತುಂಡು, 43.4 ಚದರ ಮೀಟರ್. ಹ್ಯಾಬೆಕ್ಸ್ ತಂಡ ಒಂದೇ ತುಂಡಿನ 4 ಮೀಟರ್ ಕನ್ನಡಿಯನ್ನು ಆರಿಸಿತು. ಸಿಗಬಹುದಾದ ಭೂಮಿಯಂಥ ಗ್ರಹಗಳ ಅಂದಾಜು ಕ್ರಮವಾಗಿ 54, 28 ಮತ್ತು 8.

'ಎ'ಯ ವಿಸ್ತೀರ್ಣ 'ಬಿ'ಯದಕ್ಕಿಂತ ಸುಮಾರು ಮೂರೂವರೆ ಪಟ್ಟು, ಗ್ರಹಗಳು ಮಾತ್ರ ಎರಡು ಪಟ್ಟು. ಕಾರಣಗಳಲ್ಲಿ ಮುಖ್ಯವಾದದ್ದು ದ್ಯುತಿ ವಿನ್ಯಾಸ. 'ಎ'ಯಲ್ಲಿ ಎರಡನೇ ಕನ್ನಡಿ ಮತ್ತು ಅದರ ಕಾಲುಗಳು ಮುಖ್ಯ ಕನ್ನಡಿಯ ಎದುರಿಗೇ ನಿಂತು ನೆರಳು ಚೆಲ್ಲುತ್ತವೆ. ಆ ನೆರಳಿನ ಅಂಚುಗಳಲ್ಲಿ ಬಾಗಿದ ನಕ್ಷತ್ರದ ಬೆಳಕನ್ನು ತಡೆಯಲು ಕೊರೊನಾಗ್ರಾಫ್ ಗ್ರಹದ ಬೆಳಕನ್ನೂ ಬಲಿಕೊಡಬೇಕು. 'ಬಿ'ಯಲ್ಲಿ ಎರಡನೇ ಕನ್ನಡಿಯನ್ನು ಪಕ್ಕಕ್ಕೆ ಸರಿಸಿದ್ದರಿಂದ ಮುಖ್ಯ ಕನ್ನಡಿ ತೆರೆದುಕೊಂಡಿದೆ. ಆರು ಮೀಟರ್ ಯಂತ್ರಕ್ಕೂ ಇಂಥ ಓರೆ ವಿನ್ಯಾಸದತ್ತ ಒಲವಿರುವುದು ಇದೇ ಕಾರಣಕ್ಕೆ.

ಮರೆಯನ್ನು ಹೊರಗೇ ಇಡುವ ದಾರಿಯೂ ಇದೆ. ಹ್ಯಾಬೆಕ್ಸ್ ವಿನ್ಯಾಸದಲ್ಲಿ 52 ಮೀಟರ್ ಅಗಲದ, ಹೂವಿನ ಎಸಳಿನ ಅಂಚಿನ ಕೊಡೆಯೊಂದು ದೂರದರ್ಶಕದಿಂದ 76,600 ಕಿ.ಮೀ. ಮುಂದೆ ತೇಲುತ್ತದೆ. ನಕ್ಷತ್ರದ ಬೆಳಕು ಕನ್ನಡಿಗೆ ತಾಗುವ ಮೊದಲೇ ನಿಂತುಹೋಗುವುದರಿಂದ ಪಿಕೋಮೀಟರ್ ಕಾಟ ತಪ್ಪುತ್ತದೆ. ಬೆಲೆ ತೆರಬೇಕಾದದ್ದು ಇಂಧನದಲ್ಲಿ: ಆಕಾಶದಲ್ಲಿ ಹತ್ತು ಡಿಗ್ರಿ ಪಕ್ಕದ ನಕ್ಷತ್ರ ನೋಡಬೇಕಾದರೆ ಕೊಡೆ 13,000 ಕಿ.ಮೀ.ಗೂ ಹೆಚ್ಚು ಸರಿಯಬೇಕು.

ಕಿಲೋ ಲೆಕ್ಕ

ಹಬಲ್ ಕನ್ನಡಿಯ ತೂಕ 828 ಕೆ.ಜಿ. 2.4 ಮೀಟರ್ ವ್ಯಾಸಕ್ಕೆ ಹಂಚಿದರೆ ಚದರ ಮೀಟರಿಗೆ 183 ಕೆ.ಜಿ. ಅದೇ ವ್ಯಾಸದ ರೋಮನ್ ಕನ್ನಡಿ 186 ಕೆ.ಜಿ., ಅಂದರೆ ಚದರ ಮೀಟರಿಗೆ 41. ವೆಬ್‌ನ 18 ತುಂಡುಗಳ ಮುಖ್ಯ ಕನ್ನಡಿ ಸುಮಾರು 705 ಕೆ.ಜಿ., 25.4 ಚದರ ಮೀಟರ್, ಅಂದರೆ ಚದರ ಮೀಟರಿಗೆ 28.

ಈ ದರಗಳಲ್ಲಿ 6 ಮೀಟರ್ ಕನ್ನಡಿ ಮಾಡಿದರೆ ಹಬಲ್ ದರಕ್ಕೆ 5,180 ಕೆ.ಜಿ., ರೋಮನ್ ದರಕ್ಕೆ 1,160, ವೆಬ್ ದರಕ್ಕೆ 790. ವೆಬ್‌ನ ಇಡೀ ನೌಕೆಯೇ ಸುಮಾರು 6,200 ಕೆ.ಜಿ. ಇತ್ತು. ಏರಿಯಾನ್ 5 ರಾಕೆಟ್‌ನ 5.4 ಮೀಟರ್ ಅಗಲದ ಟೋಪಿಯೊಳಗೆ ಕೂರಬೇಕಿದ್ದರಿಂದ ಅದನ್ನು ಹಗುರ ಮಾಡಿದರು, ಮಡಚಿದರು. ಹಗುರವಾದದ್ದು ಬೇಗ ಬಾಗುತ್ತದೆ, ನಡುಗುತ್ತದೆ. ಈಗ ನ್ಯೂ ಗ್ಲೆನ್ ರಾಕೆಟ್‌ನ ಟೋಪಿ 7 ಮೀಟರ್, ಸ್ಟಾರ್‌ಶಿಪ್‌ನ ಅಗಲ 9 ಮೀಟರ್. ಹೆಚ್ಚು ತೂಕ ಹೊರುವ ರಾಕೆಟ್ ಸಿಕ್ಕರೆ ದಪ್ಪ ಗಾಜು, ಗಟ್ಟಿ ಚೌಕಟ್ಟು ಹಾಕಬಹುದು. ನಿಶ್ಚಲತೆಯನ್ನು ಕಿಲೋಗ್ರಾಂ ಕೊಟ್ಟು ಕೊಳ್ಳುವ ಅವಕಾಶ ವೆಬ್ ಕಟ್ಟಿದವರಿಗೆ ಇರಲಿಲ್ಲ.

ವೆಚ್ಚ ಏರುವುದು ಎಲ್ಲಿ?

ಚದರ ಮೀಟರ್ ಲೆಕ್ಕ ಹಾಕಿದರೆ ವೆಬ್‌ಗೆ ಸುಮಾರು 38 ಕೋಟಿ ಡಾಲರ್, ಹೊಸದಕ್ಕೆ 39 ಕೋಟಿ. ಬೇರೆ ಬೇರೆ ವರ್ಷಗಳ ಡಾಲರ್ ಎಂಬುದನ್ನು ಮರೆಯದೆ ನೋಡಿದರೂ ಒಂದು ಅನುಮಾನ ಮೂಡುತ್ತದೆ. ಸಾವಿರಾರು ಪಟ್ಟು ನಿಶ್ಚಲವಾದ ಕನ್ನಡಿ ಅದೇ ದರಕ್ಕೆ ಸಿಗುತ್ತದೆಯೇ?

ವೆಬ್‌ನ ಇತಿಹಾಸ ಧೈರ್ಯ ಕೊಡುವಂಥದ್ದಲ್ಲ. 2009ರಲ್ಲಿ ಅದಕ್ಕೆ ಅಧಿಕೃತವಾಗಿ ನಿಗದಿಯಾದ ವೆಚ್ಚ 496 ಕೋಟಿ ಡಾಲರ್, ಉಡಾವಣೆ 2014. 2011ರಲ್ಲಿ ಹೊಸ ಲೆಕ್ಕ: 883 ಕೋಟಿ, 2018. ಅದೇ 2018ರಲ್ಲಿ ಮತ್ತೊಂದು: 966 ಕೋಟಿ, 2021. ಹಾರಿದ್ದು 2021ರ ಡಿಸೆಂಬರ್ 25ರಂದು. ಹನ್ನೆರಡು ವರ್ಷಗಳಲ್ಲಿ ವೆಚ್ಚ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಹಾಗೆಂದು ದುಬಾರಿ ಸಾಮಗ್ರಿಯನ್ನು ದೂರುವಂತಿಲ್ಲ: ಇಡೀ ಕನ್ನಡಿಗೆ ಬಳಿದ ಚಿನ್ನ ಕೇವಲ 48.25 ಗ್ರಾಂ. ಯೋಜನೆ ತಡವಾದಷ್ಟೂ ನೂರಾರು ಎಂಜಿನಿಯರುಗಳ ತಂಡವನ್ನು ಉಳಿಸಿಕೊಳ್ಳಬೇಕು, ಪರೀಕ್ಷೆಗಳನ್ನು ಮತ್ತೆ ಮಾಡಬೇಕು. ಖರ್ಚು ಬೆಳೆಯುವುದು ಕ್ಯಾಲೆಂಡರಿನಲ್ಲಿ.

ಪರೀಕ್ಷೆ ಸಾಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಹಬಲ್ ಇದೆ. 1990ರಲ್ಲಿ ಹಾರಿದ ಅದರ ಕನ್ನಡಿಯ ಅಂಚು 2.2 ಮೈಕ್ರೋಮೀಟರ್‌ನಷ್ಟು ಹೆಚ್ಚು ಸಪಾಟಾಗಿತ್ತು. ಉಜ್ಜುವಾಗ ಅಳತೆ ನೋಡುತ್ತಿದ್ದ ಉಪಕರಣದಲ್ಲಿ ಮಸೂರವೊಂದು 1.3 ಮಿಲಿಮೀಟರ್ ತಪ್ಪು ಜಾಗದಲ್ಲಿ ಕೂತದ್ದೇ ಮೂಲ. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಿದರು. ಹೊಸ ದೂರದರ್ಶಕ ನಿಲ್ಲುವುದು ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ. ಅಲ್ಲಿಗೆ ರೋಬಾಟ್ ಕಳಿಸಿ ಉಪಕರಣ ಬದಲಿಸುವಂತೆ ವಿನ್ಯಾಸ ಮಾಡುವ ಉದ್ದೇಶವಿದೆ. ಮನುಷ್ಯರ ಕೈ ನಂಬಿಕೊಳ್ಳುವಂತಿಲ್ಲ.

ಅದಕ್ಕೇ 2021ರ ವರದಿ ಒಂದು ಷರತ್ತು ಹಾಕಿತು: ಕಟ್ಟಲು ಕೈಹಾಕುವ ಮೊದಲು ಸುಮಾರು 6 ವರ್ಷ, ಸುಮಾರು 80 ಕೋಟಿ ಡಾಲರ್ ತಂತ್ರಜ್ಞಾನ ಹದಗೊಳಿಸುವುದಕ್ಕೇ ಮೀಸಲಿಡಬೇಕು. ಒಟ್ಟು ಅಂದಾಜಿನ ಎದುರು ಇದು ಶೇ 7ರಷ್ಟು. ವೆಬ್‌ನಲ್ಲಿ ಏರಿದ 470 ಕೋಟಿಯ ಮುಂದಿಟ್ಟರೆ ಆರನೇ ಒಂದು ಪಾಲು. 2024ರಲ್ಲಿ ನಾಸಾ ಮೂರು ಕಂಪನಿಗಳಿಗೆ ಎರಡು ವರ್ಷದ ಅಧ್ಯಯನಕ್ಕೆ ಕೊಟ್ಟ ಗುತ್ತಿಗೆಗಳ ಮೊತ್ತ 1.75 ಕೋಟಿ ಡಾಲರ್.

ಹೊಸಕೋಟೆಯಿಂದ ಹತ್ತು ಸಾವಿರ ಪಟ್ಟು

ಕೊರೊನಾಗ್ರಾಫ್ ಕರ್ನಾಟಕಕ್ಕೆ ಅಪರಿಚಿತವಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಭಾರತದ ಸೌರ ವೀಕ್ಷಣಾ ನೌಕೆ ಆದಿತ್ಯ-ಎಲ್1ರ ಮುಖ್ಯ ಉಪಕರಣ, ವೆಲ್ಕ್ ಎಂಬ ಕೊರೊನಾಗ್ರಾಫ್, ತಯಾರಾದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ತೂಕ 190 ಕೆ.ಜಿ. ಸೂರ್ಯನ ಅಂಚಿನ ಬಳಿ ಪ್ರಭಾವಲಯದ ಹೊಳಪು ಸೂರ್ಯಬಿಂಬದ ಸುಮಾರು ಹತ್ತು ಲಕ್ಷಕ್ಕೆ ಒಂದು. ಭೂಮಿಯಂಥ ಗ್ರಹಕ್ಕೆ ಬೇಕಾದದ್ದು ಇದಕ್ಕಿಂತ ಹತ್ತು ಸಾವಿರ ಪಟ್ಟು ಕತ್ತಲೆ, ಅದೂ ಅರ್ಧ ಡಿಗ್ರಿ ಅಗಲದ ಸೂರ್ಯನ ಬದಲು ಸೂಜಿಮೊನೆಯಂಥ ನಕ್ಷತ್ರದ ಪಕ್ಕದಲ್ಲಿ. ಆದಿತ್ಯ ಯೋಜನೆಗೆ ಉಡಾವಣೆ ಬಿಟ್ಟು ಮಂಜೂರಾದದ್ದು ಸುಮಾರು ₹378 ಕೋಟಿ. ಮೇಲೆ ಹೇಳಿದ ಒಂದು ಗ್ರಹದ ಪಾಲಿನ ಹತ್ತನೇ ಒಂದು. ಅದೇ ಆವರಣದಲ್ಲಿ 30 ಮೀಟರ್ ಟಿಎಂಟಿ ದೂರದರ್ಶಕದ 492 ತುಂಡುಗಳಲ್ಲಿ ಭಾರತದ ಪಾಲಿನವನ್ನು ಉಜ್ಜುವ ಘಟಕವೂ ಇದೆ.

ನಡುವಿನ ಮೆಟ್ಟಿಲು ರೋಮನ್. ಸುಮಾರು 430 ಕೋಟಿ ಡಾಲರ್‌ನ ಈ ದೂರದರ್ಶಕವನ್ನು 2027ರ ಮೇ ಒಳಗೆ ಹಾರಿಸಬೇಕೆಂಬುದು ನಾಸಾದ ಗಡುವು. ಅದರ ಕೊರೊನಾಗ್ರಾಫ್‌ಗೆ ವಿಧಿಸಿದ ಕನಿಷ್ಠ ಗುರಿ ಒಂದು ಕೋಟಿಗೆ ಒಂದು. ಅದನ್ನು ನೂರು ಪಟ್ಟು ಮೀರಬಹುದೆಂಬ ನಿರೀಕ್ಷೆ ತಯಾರಕರಿಗಿದೆ. ಬೇಹುಗಾರಿಕಾ ಉಪಗ್ರಹಗಳ ಸಂಸ್ಥೆ 2012ರಲ್ಲಿ ದಾನ ಕೊಟ್ಟ ಕನ್ನಡಿ ಅದು, ಎದುರಿಗೆ ಆರು ಕಾಲುಗಳ ನೆರಳು ಬೇರೆ. ಹಾಗಿದ್ದೂ ಆಕಾಶದಲ್ಲಿ ಅದು ಎಷ್ಟು ಕತ್ತಲೆ ಕೊರೆದು, ಎಷ್ಟು ಗಂಟೆ ಉಳಿಸಿಕೊಳ್ಳುತ್ತದೆ ಎಂಬುದು ಮುಂದಿನ ದೂರದರ್ಶಕದ ಅಂದಾಜುಪತ್ರಕ್ಕೆ ಸಿಗುವ ಮೊದಲ ನಿಜವಾದ ಅಂಕಿ.

ಹೊಸ ವಿನ್ಯಾಸದ ಸುದ್ದಿ ಬಂದಾಗಲೆಲ್ಲ ತಲೆಬರಹದಲ್ಲಿ ವ್ಯಾಸ ಇರುತ್ತದೆ. ಅದನ್ನು ಓದಿ ಮುಂದೆ ಹೋಗುವ ಮೊದಲು ಇನ್ನು ಮೂರು ಸಂಖ್ಯೆ ಹುಡುಕಬೇಕು: ನಿರ್ವಾತ ಕೋಣೆಯಲ್ಲಿ ತುಂಡು ಕನ್ನಡಿಯ ಎದುರು ಮುಟ್ಟಿದ ಸೋರಿಕೆಯ ಮಟ್ಟ, ಆ ಮಟ್ಟ ಎಷ್ಟು ಗಂಟೆ ಉಳಿಯಿತು, ಆ ಗಂಟೆಗಳಲ್ಲಿ ಎಷ್ಟು ಪಿಕೋಮೀಟರ್ ಕದಲಿತು. ಈ ಮೂರು ತುಂಬದೆ 1,100 ಕೋಟಿ ಎಂಬುದು ಆಸೆಯ ಅಂಕಿ. ತುಂಬಿದ ಮೇಲೆ ವ್ಯಾಸ 6 ಮೀಟರೋ 7 ಮೀಟರೋ ಎಂದು ಚೌಕಾಸಿ ಮಾಡಬಹುದು.